ಗಿಟಾರಿನ ಕುತ್ತಿಗೆ ಹಿಡಿಯುವ ಮುನ್ನ

ಮಾನ್ಯ ಸಂಪಾದಕರೇ,

ಜುಲೈ ತಿಂಗಳ ಎರಡನೇ ಭಾನುವಾರ ನಿಮ್ಮ ಪುರವಣಿಯಲ್ಲಿ ಮಳೆಗಾಲಕ್ಕೆ ಮನೆ ಸಾಮಾನು ಕಾಪಾಡಿಕೊಳ್ಳುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯದ ಹಾಗೆ ಏನು ಮಾಡಬೇಕು, ಹಪ್ಪಳದ ಡಬ್ಬಿ ಎಲ್ಲಿಡಬೇಕು ಎಂಬುದೆಲ್ಲ ಸರಿಯಾಗೇ ಇತ್ತು. ನನ್ನ ಹೆಂಡತಿ ಅದನ್ನು ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ನನ್ನ ತಕರಾರು ಕೊನೆಯ ಚೌಕದಲ್ಲಿದ್ದ ಎರಡು ಸಾಲಿನ ಮೇಲೆ. ಗಿಟಾರಿನ ತಂತಿ ಮೇಲೆದ್ದು ಬೆರಳು ನೋಯುತ್ತಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಕಡ್ಡಿಯನ್ನು ಅಲೆನ್ ಕೀ (ಆರು ಮೂಲೆಯ ಕೀ) ಹಾಕಿ ಬಿಗಿ ಮಾಡಿ, ತಂತಿ ಇಳಿಯುತ್ತದೆ ಎಂದು ಅಲ್ಲಿತ್ತು.

ಆ ವಾರವೇ ನನ್ನ ಜಗುಲಿಗೆ ಎರಡು ಗಿಟಾರು ಬಂದವು. ಎರಡೂ ನಿಮ್ಮ ಓದುಗರವೇ. ಆಗಲೇ ಬರೆಯಬೇಕಿತ್ತು. ಆದರೆ ಅವುಗಳಲ್ಲಿ ಒಂದು ಒಣಗಲಿ, ಅಳೆದು ನೋಡಿಯೇ ಬಾಯಿ ಬಿಡೋಣ ಎಂದು ಕಾದೆ. ಪತ್ರ ತಡವಾಗಿದ್ದು ಅದಕ್ಕೇ.

ನಾನು ವಿದ್ವಾಂಸನಲ್ಲ. ಬಸ್ ಡಿಪೋದಲ್ಲಿ 36 ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮಧ್ಯೆ ಹತ್ತು ಹನ್ನೆರಡು ವರ್ಷ ಹಗಲು ಡಿಪೋ, ರಾತ್ರಿ ಆರ್ಕೆಸ್ಟ್ರಾ ಎಂದು ಬದುಕಿದ್ದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಜಾತ್ರೆ ಎಲ್ಲ ಕಡೆ ಹಿಂದಿನ ಸಾಲಿನಲ್ಲಿ ನಿಂತು ರಿದಂ ಗಿಟಾರ್ ಬಾರಿಸಿದವನು. ಉಗುರಿನಲ್ಲಿ ಗ್ರೀಸು ಇಟ್ಟುಕೊಂಡೇ ಎಷ್ಟೋ ವೇದಿಕೆ ಹತ್ತಿದ್ದೇನೆ. ಈಗ ಸಕಲೇಶಪುರದ ಸುತ್ತಮುತ್ತಲ ಹುಡುಗರು ಗಿಟಾರು ಕೆಟ್ಟರೆ ನನ್ನ ಹತ್ತಿರ ತರುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ತಂತಿ ಅವರೇ ತರಬೇಕು.

ಮೊದಲು ಬಂದವನು ಪಿಯುಸಿ ಹುಡುಗ. ಕೊಡೆ ಮಡಿಸಿ ಮೂಲೆಗಿಟ್ಟು, ಚೀಲದ ಜಿಪ್ಪು ತೆಗೆದು, ಗಿಟಾರನ್ನು ನನ್ನ ಮಡಿಲಿಗೆ ಕೊಟ್ಟ. ಜೊತೆಗೆ ನಿಮ್ಮ ಪತ್ರಿಕೆಯ ತುಂಡು. ಮೊದಲ ಮೂರು ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳವು) ಎಲ್ಲಿ ಒತ್ತಿದರೂ ತಂತಿ ಜುರ್ರೆನ್ನುತ್ತಿತ್ತು. ಎಷ್ಟು ತಿರುಗಿಸಿದೆ ಎಂದು ಕೇಳಿದೆ. "ಒಂದೂವರೆ ಸುತ್ತು ಅಂಕಲ್, ಇಳೀಲೇ ಇಲ್ಲ, ಅದಕ್ಕೇ ಇನ್ನೂ ತಿರುಗಿಸಿದೆ" ಎಂದ. ಒಂದೂವರೆ ಸುತ್ತು! ಕಾಲು ಕಾಲು ಸುತ್ತಾಗಿ ತಿರುಗಿಸಿ, ಅಳೆದು, ರಾತ್ರಿ ಬಿಡುವ ಜಾಗ ಅದು.

ಗಿಟಾರನ್ನು ಬಂದೂಕಿನ ಹಾಗೆ ಎತ್ತಿ ಹಿಡಿದು, ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿದೆ. ನಡುವೆ ಮೀನಿನ ಬೆನ್ನಿನ ಹಾಗೆ ಉಬ್ಬಿತ್ತು. ತಂತಿಯ ಕಡೆಗೆ ಗುಳಿ ಬೀಳಬೇಕಾದ ಕುತ್ತಿಗೆ ಹಿಂದಕ್ಕೆ ಬಾಗಿ ನಿಂತಿತ್ತು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ ಅಳೆದರೆ ಆಗಲೂ 3.2 ಮಿಲಿಮೀಟರ್. ಸಾಮಾನ್ಯವಾಗಿ ಅಲ್ಲಿ ಎರಡೂವರೆ ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಅಂದರೆ ಹುಡುಗನಿಗೆ ಬೆರಳು ನೋವೂ ಉಳಿಯಿತು, ಮೇಲೆ ಜುರ್ರೆನ್ನುವ ಹೊಸ ಕಾಯಿಲೆಯೂ ಅಂಟಿತು.

ಟ್ರಸ್ ಎಂಬ ಪದ ನನಗೆ ಗಿಟಾರಿಗಿಂತ ಮೊದಲು ಪರಿಚಯವಾಗಿದ್ದು ಡಿಪೋ ಶೆಡ್ಡಿನಲ್ಲಿ. ಚಾವಣಿಯ ಭಾರ ಹೊತ್ತು, ತೊಲೆ ಬಾಗದಂತೆ ಹಿಡಿಯುವ ಕಬ್ಬಿಣದ ಕಟ್ಟಿಗೆ ಆ ಹೆಸರು. ಗಿಟಾರಿನದೂ ಅದೇ ಕೆಲಸ. ಉಕ್ಕಿನ ಆರು ತಂತಿಯನ್ನು ಶ್ರುತಿಗೆ ಏರಿಸಿದಾಗ ಎಲ್ಲ ಸೇರಿ ಸುಮಾರು 70ರಿಂದ 75 ಕೆಜಿ ಎಳೆತ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಲೆಕ್ಕ. ಎರಡು ಬೆರಳು ದಪ್ಪದ ಕಟ್ಟಿಗೆಗೆ ಅದನ್ನು ತಡೆದುಕೊಂಡು ನೆಟ್ಟಗಿರು ಎಂದರೆ ಹೇಗೆ? ಹೆದೆ ಏರಿಸಿದ ಬಿಲ್ಲಿನ ಹಾಗೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. ಅದಕ್ಕೇ ಬೆರಳುಹಲಗೆಯ ಕೆಳಗೆ ಕಾಲುವೆ ತೋಡಿ ಉಕ್ಕಿನ ಕಡ್ಡಿ ಇಟ್ಟಿರುತ್ತಾರೆ. ತುದಿಯ ನಟ್ಟನ್ನು ಬಿಗಿ ಮಾಡಿದರೆ ಕಡ್ಡಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ, ಸಡಿಲಿಸಿದರೆ ತಂತಿಯ ಎಳೆತ ಗೆಲ್ಲುತ್ತದೆ. ಹಗ್ಗಜಗ್ಗಾಟವೇ. ಇಬ್ಬರೂ ಸಮಬಲದಲ್ಲಿ ಎಳೆಯುತ್ತಾ ಅಲ್ಲಾಡದೆ ನಿಂತರೆ ಗಿಟಾರು ಚೆನ್ನಾಗಿ ನುಡಿಯುತ್ತದೆ.

ಗಿಬ್ಸನ್ ಕಂಪನಿಯ ತ್ಯಾಡಿಯಸ್ ಮೆಕ್‌ಹ್ಯೂ ಎಂಬ ಕೆಲಸಗಾರ ಅಮೆರಿಕದ ಕಲಮಜೂ ಊರಿನಲ್ಲಿ ಇಂಥ ತಿರುಗಿಸಬಹುದಾದ ರಾಡಿಗೆ 1921ರಲ್ಲಿ ಅರ್ಜಿ ಹಾಕಿದ, 1923ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ದೇಶದ ಮಾರ್ಟಿನ್ ಕಂಪನಿ ಮಾತ್ರ 1985ರವರೆಗೂ ತನ್ನ ಗಿಟಾರುಗಳಿಗೆ ಇದನ್ನು ಹಾಕಲಿಲ್ಲ. ಅಲ್ಲಾಡದ ಉಕ್ಕಿನ ಪಟ್ಟಿಯನ್ನೋ ಕೊಳವೆಯನ್ನೋ ಹುದುಗಿಸಿ ಸುಮ್ಮನಿದ್ದರು. ಆ ಮಾರ್ಟಿನ್‌ನವರೇ 1969ರ ಹೊತ್ತಿಗೆ ಬ್ರೆಜಿಲ್ಲಿನ ಮರ ಬಿಟ್ಟು ನಮ್ಮ ಬೀಟೆಗೆ ಬಂದರು. ಪಶ್ಚಿಮ ಘಟ್ಟದ ಬೀಟೆ ಸಮುದ್ರ ದಾಟಿ, ಗಿಟಾರಿನ ಬೆನ್ನಾಗಿ, ಬೆರಳುಹಲಗೆಯಾಗಿ, ಅಂಗಡಿಯ ಗಾಜಿನ ಹಿಂದೆ ನಿಂತಿರುವುದನ್ನು ಬೆಂಗಳೂರಿನಲ್ಲಿ ಒಮ್ಮೆ ನೋಡಿದ್ದೆ. ಬೆಲೆ ಕೇಳಿ ವಾಪಸು ಬಸ್ ಹತ್ತಿದೆ. ತೋಟದ ಅಂಚಿನಲ್ಲಿ ನಿಂತ ಬೀಟೆಯ ಒಂದು ಕೊಂಬೆ ಮುಟ್ಟಲು ಎಷ್ಟು ಕಚೇರಿ ಅಲೆಯಬೇಕು ಎಂಬುದು ಇಲ್ಲಿನವರಿಗೆ ಗೊತ್ತು. ಅದು ಬೇರೆ ಪತ್ರಕ್ಕಿರಲಿ.

ಹಾಗಾದರೆ ಕುತ್ತಿಗೆ ಅಡಿಕೋಲಿನ ಹಾಗೆ ನೆಟ್ಟಗಿರಬೇಕೇ ಎಂದರೆ, ಅದೂ ಬೇಡ. ಮೀಟಿದ ತಂತಿ ನಡುವೆ ಹೆಚ್ಚು ಅಗಲಕ್ಕೆ ಆಡುತ್ತದೆ, ತುದಿಗಳಲ್ಲಿ ಕಡಿಮೆ. ಬಟ್ಟೆ ಒಣಗಿಸುವ ಹಗ್ಗವನ್ನು ಅಲ್ಲಾಡಿಸಿ ನೋಡಿ, ತಿಳಿಯುತ್ತದೆ. ಆ ಆಟಕ್ಕೆ ಜಾಗ ಬೇಕು ಎಂದೇ ಕುತ್ತಿಗೆಯ ನಡುವೆ ಕೂದಲೆಳೆಯಷ್ಟು ತಗ್ಗು ಉಳಿಸುತ್ತಾರೆ. ಗಿಟಾರಿನವರು ಇದನ್ನು ರಿಲೀಫ್ ಎನ್ನುತ್ತಾರೆ, ನಮ್ಮ ಜಗುಲಿಯಲ್ಲಿ ಬಾಗು ಎನ್ನುತ್ತೇವೆ. ಟ್ರಸ್ ರಾಡ್ ಇರುವುದು ಈ ಬಾಗನ್ನು ಹೆಚ್ಚುಕಡಿಮೆ ಮಾಡಲು. ತಂತಿಯ ಎತ್ತರ ಅದರ ಜೊತೆ ಒಂದಿಷ್ಟು ಹಂದಾಡುತ್ತದೆ, ನಿಜ. ಅಷ್ಟಕ್ಕೆ ರಾಡನ್ನೇ ಎತ್ತರದ ಸ್ಕ್ರೂ ಎಂದುಕೊಂಡರೆ, ಎಂಜಿನ್ ಬಿಸಿಯಾಯಿತೆಂದು ರೇಡಿಯೇಟರ್ ನೋಡದೆ ಬ್ರೇಕ್ ಬಿಗಿ ಮಾಡಿದ ಹಾಗಾಗುತ್ತದೆ. ನಿಮ್ಮ ಲೇಖಕರು ಜಾರಿದ್ದು ಇಲ್ಲೇ.

ಜಾರಿದ್ದಕ್ಕೆ ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. 1991ರ ಗಣೇಶನ ಹಬ್ಬದಲ್ಲಿ ನಾನು ಮಾಡಿದ್ದು ಅದಕ್ಕಿಂತ ಘೋರ.

ನಮ್ಮ ಆರ್ಕೆಸ್ಟ್ರಾದ ಯಜಮಾನರು ಮುಂಬೈನಿಂದ ಒಂದು ಗಿಟಾರು ತರಿಸಿದ್ದರು. ಆ ವರ್ಷ ಜಡಿ ಮಳೆ. ತಂತಿ ಮೇಲೆದ್ದು, ಏಳನೇ ಫ್ರೆಟ್ ದಾಟಿದರೆ ಒತ್ತಲು ಹೆಬ್ಬೆರಳಿನ ಬಲವೂ ಬೇಕಿತ್ತು. ಕುತ್ತಿಗೆಯಲ್ಲಿ ರಾಡ್ ಇದೆ, ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಯಾರೋ ಅಂದರು. ಬಿಗಿ ಮಾಡುವುದು ತಾನೇ, ನನಗೆ ಬಿಡಿ ಎಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಿಪೋಗೇ ತಂದೆ. ಕೀ ಹಾಕಿದೆ. ಗಟ್ಟಿಯಿತ್ತು. ಗಟ್ಟಿ ನಟ್ಟು ಕಂಡರೆ ಮೆಕ್ಯಾನಿಕ್ಕಿನ ಕೈ ತಾನಾಗಿ ಪೈಪ್ ಹುಡುಕುತ್ತದೆ. ಸಣ್ಣ ಕೀ ತುದಿಗೆ ಒಂದು ಗೇಣು ಪೈಪ್ ಸಿಕ್ಕಿಸಿ ಎಳೆದೆ. ವೀಲ್ ನಟ್ ಬಿಚ್ಚುವವನ ಕೈ ಅದು. "ಟಕ್" ಎಂದಿತು. ಶಬ್ದ ದೊಡ್ಡದೇನಲ್ಲ, ಒಣ ಹುಣಸೆಕಡ್ಡಿ ಮುರಿದ ಹಾಗೆ. ಆಮೇಲೆ ಕೀ ಹಗುರವಾಗಿ ಸುತ್ತಿತು, ಬಾವಿಯಲ್ಲಿ ಕೊಡ ಕಳಚಿದ ಮೇಲೆ ಹಗ್ಗ ಹಗುರವಾಗುತ್ತದಲ್ಲ, ಹಾಗೆ. ರಾಡ್ ಒಳಗೆ ತುಂಡಾಗಿತ್ತು. ನಾನು ನೋಡುತ್ತಿದ್ದಂತೆ ತಂತಿ ಇನ್ನೂ ಮೇಲೆದ್ದಿತು, ಅಥವಾ ನನಗೆ ಹಾಗೆ ಕಂಡಿತೋ ಏನೋ.

ತುಂಡಾದ ರಾಡ್ ತೆಗೆಯಬೇಕೆಂದರೆ ಬೆರಳುಹಲಗೆಗೆ ಬಿಸಿ ಕೊಟ್ಟು, ಅಂಟು ಬಿಡಿಸಿ, ಎಬ್ಬಿಸಿ, ಒಳಗಿನದನ್ನು ಬದಲಿಸಿ ಮತ್ತೆ ಕೂರಿಸಬೇಕು. ಅದು ಮಾಡುವವರು ಆಗ ನಮಗೆ ಯಾರು ಗೊತ್ತು? ಯಜಮಾನರು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಉರಿಯಿತು. ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿಯಂತೆ ಒಂಬತ್ತು ತಿಂಗಳು ಕೊಟ್ಟು ಆ ಗಿಟಾರು ನನ್ನದಾಯಿತು. ಕೊನೆಗೆ ತಲೆಯ ಹತ್ತಿರದ ಮೂಳೆಪಟ್ಟಿಯನ್ನು ಇನ್ನಷ್ಟು ಎತ್ತರಿಸಿ, ಮಡಿಲಲ್ಲಿ ಅಡ್ಡ ಮಲಗಿಸಿ, ಉಕ್ಕಿನ ಕಂಬಿ ಜಾರಿಸಿ ಹವಾಯಿಯನ್ ಗಿಟಾರಿನ ಹಾಗೆ ನುಡಿಸಲು ಕಲಿತೆ. ಜಾರುಕಂಬಿಗೆ ಫ್ರೆಟ್ಟಿನ ಹಂಗಿಲ್ಲ, ತಂತಿ ಎತ್ತರವಾದಷ್ಟೂ ಅನುಕೂಲ. 1994ರಲ್ಲಿ ವಿಶ್ವಮೋಹನ ಭಟ್ಟರ ಮೋಹನ ವೀಣೆಗೆ ಗ್ರ್ಯಾಮಿ ಬಂದ ಸುದ್ದಿ ಓದಿದಾಗ, ಅವರದ್ದೂ ಗಿಟಾರನ್ನು ಮಾರ್ಪಡಿಸಿಕೊಂಡ ವಾದ್ಯವೇ ಎಂದು ತಿಳಿದು, ನನ್ನ ಮುರುಕಲನ್ನು ಬಟ್ಟೆಯಿಂದ ಒರೆಸಿಟ್ಟೆ. ಅಷ್ಟೇ, ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ಹುಡುಗನ ಗಿಟಾರಿಗೆ ಬರುತ್ತೇನೆ. ನಿಮ್ಮ ಓದುಗರಿಗೆ ಉಪಯೋಗವಾದೀತು ಎಂದು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕೀ. ನಟ್ಟು ಕೆಲವದರಲ್ಲಿ ಶಬ್ದದ ತೂತಿನ ಒಳಗೆ ಕುತ್ತಿಗೆಯ ಬುಡದಲ್ಲಿರುತ್ತದೆ, ಕೆಲವದರಲ್ಲಿ ತಲೆಯ ಮೇಲೆ ಎರಡು ಮೂರು ಸ್ಕ್ರೂ ಹಾಕಿದ ಪುಟ್ಟ ಮುಚ್ಚಳದ ಕೆಳಗೆ. ಇವನದ್ದು ತೂತಿನ ಒಳಗೆ. ಟಾರ್ಚ್ ಬಿಟ್ಟು ನೋಡಿದರೆ ಆರು ಮೂಲೆಯ ಗುಂಡಿಯ ಅಂಚು ಆಗಲೇ ಸ್ವಲ್ಪ ತಿಂದುಹೋಗಿತ್ತು. ಇವನು ಮನೆಯಲ್ಲಿ ಸಿಕ್ಕ ಸೈಕಲ್ ಕೀ ತುರುಕಿದ್ದ. ಕೆಲವು ಗಿಟಾರಿಗೆ ಮಿಲಿಮೀಟರ್ ಕೀ, ಕೆಲವಕ್ಕೆ ಇಂಚಿನ ಕೀ. ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗದ ಗುಂಡಿ ಅಂದರೆ 4.76 ಮಿಲಿಮೀಟರ್. ಅದಕ್ಕೆ 5 ಎಂ.ಎಂ. ಕೀ ಹೋಗುವುದಿಲ್ಲ, ನಾಲ್ಕೂವರೆಯದು ಹೋಗಿ ಗಿರ್ರನೆ ಜಾರಿ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡುತ್ತದೆ. ದುಂಡಗಾದ ಮೇಲೆ ಯಾರೇ ಬಂದರೂ ಕಷ್ಟ. ಕೀ ಹೋಗಿ ಕೂತಾಗ ಅಲ್ಲಾಡಬಾರದು. ಅಲ್ಲಾಡಿದರೆ ಸರಿಯಾದದ್ದು ಸಿಗುವವರೆಗೆ ಸುಮ್ಮನಿರುವುದು ಲೇಸು.

ಕೀ ಹಾಕುವ ಮೊದಲು ನಟ್ಟಿನ ಮೇಲೆ, ಪಕ್ಕದ ಮರದ ಮೇಲೆ ಒಂದೇ ಗೆರೆ ಬರುವ ಹಾಗೆ ಬಿಳಿ ಪೇಂಟಿನಲ್ಲಿ ಚುಕ್ಕೆ ಇಟ್ಟೆ. ಬಸ್ಸಿನ ವೀಲ್ ನಟ್ಟಿಗೂ ಹೀಗೇ ಇಡುತ್ತಿದ್ದೆವು. ಎಷ್ಟು ತಿರುಗಿದೆ ಎಂದು ಕಣ್ಣಿಗೆ ಕಾಣುತ್ತದೆ, ತಪ್ಪಾದರೆ ಹೊರಟಲ್ಲಿಗೇ ಬರಬಹುದು. ಹುಡುಗ ಹೀಗೆ ಮಾಡಿದ್ದರೆ ಒಂದೂವರೆ ಸುತ್ತು ಎಂಬುದು ನೆನಪಿನ ಮಾತಾಗುತ್ತಿರಲಿಲ್ಲ.

ಆಮೇಲೆ ಅಳತೆ. ತಂತಿ ಶ್ರುತಿಯಲ್ಲಿರಬೇಕು; ಸಡಿಲ ತಂತಿಯಲ್ಲಿ ಅಳೆದ ಬಾಗು ಸುಳ್ಳು. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕುತ್ತಿಗೆ ಹೊಟ್ಟೆಗೆ ಸೇರುವ ಹದಿನಾಲ್ಕನೇ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಬೆರಳಿನಿಂದ ಒತ್ತಬೇಕು. ಎರಡೂ ಕಡೆ ಹಿಡಿದ ತಂತಿ ಈಗ ಅಡಿಕೋಲಿನಂತೆ ನೆಟ್ಟಗಿರುತ್ತದೆ. ನಡುವೆ, ಏಳನೇ ಫ್ರೆಟ್ಟಿನ ತಲೆಗೂ ತಂತಿಯ ಹೊಟ್ಟೆಗೂ ಇರುವ ಸಂದೇ ಬಾಗು. ಎಂಜಿನ್ನಿನ ಸಣ್ಣ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜು ನನ್ನ ಹತ್ತಿರ ಇನ್ನೂ ಇದೆ, ಅದನ್ನೇ ತೂರಿಸುತ್ತೇನೆ. 0.1ರಿಂದ 0.25 ಮಿಲಿಮೀಟರ್ ಒಳಗಿದ್ದರೆ ಆ ಕುತ್ತಿಗೆಯ ತಂಟೆಗೆ ಹೋಗುವುದಿಲ್ಲ. ಗೇಜು ಇಲ್ಲದವರು ಝೆರಾಕ್ಸ್ ಹಾಳೆ ಬಳಸಿ. ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ, ಎರಡು ಮಡಿಕೆ ತಂತಿಯನ್ನು ಎತ್ತದೆ ಜಾರಿದರೆ ಸಾಕು. ಹುಡುಗನ ಗಿಟಾರಿನಲ್ಲಿ ಒಂದು ಹಾಳೆಯೂ ತೂರಲಿಲ್ಲ. ತಂತಿ ಏಳನೇ ಫ್ರೆಟ್ಟಿನ ಮೇಲೆ ಒರಗಿ ಮಲಗಿತ್ತು.

ಕೀ ಹಿಡಿದ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ಬಾಗು ಕಡಿಮೆ. ವಿರುದ್ಧಕ್ಕೆ ತಿರುಗಿಸಿದರೆ ಸಡಿಲ, ಬಾಗು ಹೆಚ್ಚು. ನಾನು ಸಡಿಲಿಸಿದೆ, ಕಾಲು ಸುತ್ತು. ಶ್ರುತಿ ಇಳಿದಿತ್ತು, ಮತ್ತೆ ಏರಿಸಿದೆ. ಅಳೆದೆ. ಇನ್ನೊಂದು ಕಾಲು. ಮೂರನೇ ಕಾಲು ಆದ ಮೇಲೆ ಇವತ್ತಿಗೆ ಸಾಕು, ಕಾಫಿ ಕುಡಿ ಎಂದೆ. ಮರ ಕಬ್ಬಿಣದ ಹಾಗೆ ಹೇಳಿದ ತಕ್ಷಣ ಕೇಳುವುದಿಲ್ಲ, ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ಒಂದಿಷ್ಟು ಸರಿಯುತ್ತದೆ. ಹುಡುಗನಿಗೆ ಬೇಸರ. ಮೊಬೈಲ್ ವಿಡಿಯೊದಲ್ಲಿ ಎಲ್ಲ ಎಂಟು ನಿಮಿಷದಲ್ಲಿ ಮುಗಿದಿತ್ತಂತೆ. ಮೂರು ಸಂಜೆ ಬಂದ. ಮೂರನೇ ಸಂಜೆ ಎರಡು ಹಾಳೆ ಜಾರಿತು, ಜುರ್ರೆನ್ನುವುದು ನಿಂತಿತು. ಬಿಗಿ ಮಾಡಬೇಕಾಗಿ ಬಂದಿದ್ದರೆ ತಂತಿಗಳನ್ನು ಒಂದಿಷ್ಟು ಇಳಿಸಿಕೊಂಡು ತಿರುಗಿಸುತ್ತಿದ್ದೆ, ನಟ್ಟಿನ ಮೇಲಿನ ಹೊರೆ ಕಡಿಮೆಯಾಗಲಿ ಎಂದು. ಕೈ ಹಾಕಿದ ಕ್ಷಣ ಅತಿ ಗಟ್ಟಿ ಎನಿಸಿದರೆ ನಿಲ್ಲಿಸಿಬಿಡುತ್ತೇನೆ. ಪೈಪಿನ ತುಂಡು ಜಗುಲಿಯ ಗೋಡೆಗೇ ಮೊಳೆ ಹೊಡೆದು ನೇತುಹಾಕಿದ್ದೇನೆ, ನನಗೇ ಕಾಣಲಿ ಎಂದು.

ಈಗ ಮುಖ್ಯ ವಿಷಯ. ಬಾಗು ಸರಿಯಾದ ಮೇಲೆ ಹನ್ನೆರಡನೇ ಫ್ರೆಟ್ ಮೇಲಿನ ಎತ್ತರ ಅಳೆದರೆ ಮೂರೂವರೆ ಮಿಲಿಮೀಟರ್. ಹುಡುಗ ನನ್ನ ಮುಖ ನೋಡಿದ. ಅವನು ಒಂದೂವರೆ ಸುತ್ತು ಹಿಂಡಿ ಇಳಿಸಿದ್ದು 0.3 ಮಿಲಿಮೀಟರ್ ಅಷ್ಟೇ. ಹಾಗಾದರೆ ತಂತಿಯನ್ನು ಎತ್ತಿದ್ದು ಯಾವುದು? ಉಕ್ಕಿನ ಅಡಿಕೋಲನ್ನು ಬ್ರಿಡ್ಜಿನ (ತಂತಿಗಳ ಬುಡ ಹಿಡಿದ ಮರದ ತುಂಡು) ಹಿಂದೆ ಹೊಟ್ಟೆಯ ಮೇಲೆ ಅಡ್ಡ ಇಟ್ಟೆ. ಎರಡೂ ತುದಿ ಮೇಲಿದ್ದು ಕೋಲು ಏತಪಾತದ ಹಾಗೆ ಆಡಿತು. ಗಿಟಾರಿನ ಮುಂದಿನ ಹಲಗೆ ಉಬ್ಬಿ, ಅದರ ಮೇಲೆ ಅಂಟಿಸಿದ ಬ್ರಿಡ್ಜು, ಬ್ರಿಡ್ಜಿನ ಮೇಲೆ ನಿಂತ ತಂತಿ ಎಲ್ಲ ಒಟ್ಟಿಗೆ ಎದ್ದಿದ್ದವು. ಒಂದಿಷ್ಟು ಉಬ್ಬು ಯಾವಾಗಲೂ ಇರುತ್ತದೆ, ಇದು ಅದಕ್ಕಿಂತ ಹೆಚ್ಚು.

ನಮ್ಮೂರಿನವರಿಗೆ ಇದನ್ನು ವಿವರಿಸುವುದೇ ಬೇಡ. ಜೂನ್ ಬಂದರೆ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ದೇವರಕೋಣೆ ಬಾಗಿಲನ್ನು ಭುಜ ಕೊಟ್ಟು ತೆಗೆಯುತ್ತೇವೆ. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಗಿಟಾರಿನ ಮುಂದಿನ ಹಲಗೆ ಮೂರು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಅಂಚೆಲ್ಲ ಅಂಟಿನಿಂದ ಹಿಡಿದಿರುತ್ತದೆ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಬಾಗಿಲು ಹಿಡಿದರೆ ಯಾರೂ ತಿರುಪುಳಿ ತಂದು ಕೀಲು ಬಿಗಿ ಮಾಡುವುದಿಲ್ಲವಲ್ಲ. ಬಿಸಿಲು ಬರಲಿ ಎಂದು ಕಾಯುತ್ತೇವೆ, ಇಲ್ಲವೇ ಅಂಚಿಗೆ ಒಂದು ತೋಪಡ ಎಳೆಯುತ್ತೇವೆ.

ಗಿಟಾರಿಗೂ ಅದನ್ನೇ ಮಾಡಿದೆ. ಬಾಗಿಲು ಭದ್ರವಿರುವ ಕಬ್ಬಿಣದ ಬೀರುವಿನಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ಸುತ್ತ ಇಟ್ಟು, ಬಾಗಿಲು ತೆರೆಯಬೇಡಿ ಎಂದು ಮನೆಯವರಿಗೆ ಹೇಳಿ, ಹತ್ತು ದಿನ ಬಿಟ್ಟೆ. ಒಳಗಿಟ್ಟ ಪುಟ್ಟ ತೇವಮಾಪಕದಲ್ಲಿ ಮೊದಲ ದಿನ ಶೇಕಡಾ 86 ಇತ್ತು, ಕೊನೆಗೆ 58. ಗಿಟಾರಿಗೆ 45ರಿಂದ 55 ಒಳಗೆ ಇಷ್ಟ, ಆದರೆ ಆಗಸ್ಟಿನ ಸಕಲೇಶಪುರದಲ್ಲಿ 58 ಸಿಕ್ಕರೆ ಕೈಮುಗಿಯಬೇಕು. ಹನ್ನೊಂದನೇ ದಿನ ತೆಗೆದು ಶ್ರುತಿ ಮಾಡಿ ಅಳೆದರೆ ಸರಿಯಾಗಿ 3 ಮಿಲಿಮೀಟರ್. ಅರ್ಧ ಮಿಲಿಮೀಟರ್ ಬರಿಯ ತೇವ ತೆಗೆದಿದ್ದರಿಂದ ಇಳಿದಿತ್ತು, ರಾಡನ್ನು ಮುಟ್ಟದೆ!

ಉಳಿದ ಅರ್ಧವನ್ನು ಸ್ಯಾಡಲ್‌ನಲ್ಲಿ ತೆಗೆಯಬೇಕು. ಬ್ರಿಡ್ಜಿನ ಸೀಳಿನಲ್ಲಿ ನಿಂತ ಬಿಳಿ ಪಟ್ಟಿ ಅದು. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧದಲ್ಲಿ ಬರುವುದರಿಂದ, ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಕಡಿಮೆಯಾಗಬೇಕು. ಆದರೆ ಇರುವ ಸ್ಯಾಡಲ್ ಅನ್ನು ಉಜ್ಜಲಿಲ್ಲ. ಫೆಬ್ರುವರಿ ಮಾರ್ಚಿನಲ್ಲಿ ಗಾಳಿ ಒಣಗಿ ಹೊಟ್ಟೆ ಒಳಗೆ ಕೂತಾಗ ತಂತಿ ತಾನಾಗಿ ಇಳಿಯುತ್ತದೆ. ಆಗ ಉಜ್ಜಿದ ಸ್ಯಾಡಲ್ ಇದ್ದರೆ ಎಲ್ಲ ಫ್ರೆಟ್‌ನಲ್ಲೂ ಜುರ್ರೆನ್ನುತ್ತದೆ. ಮೂಳೆಯ ಹೊಸ ಪಟ್ಟಿ ತಂದು, ಸಮತಟ್ಟಾದ ಗಾಜಿನ ಮೇಲೆ ಮರಳುಕಾಗದ ಹಾಸಿ, ಬುಡದ ಕಡೆ ಉಜ್ಜಿ ಒಂದು ಮಿಲಿಮೀಟರ್ ಗಿಡ್ಡದ್ದು ಮಾಡಿಕೊಟ್ಟೆ. ಹಳೆಯದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಮೇಲೆ "ಬೇಸಿಗೆ" ಎಂದು ಬರೆದುಕೊಟ್ಟಿದ್ದೇನೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು. ಅವನ ಅಮ್ಮ ಅದನ್ನು ಬಿಸಾಡದಿದ್ದರೆ ಸಾಕು.

ಇದೆಲ್ಲ ಓದಿ ಅಟ್ಟದ ಮೇಲೆ ಒಲೆಯ ಹೊಗೆಗೆ ಗಿಟಾರು ಇಟ್ಟು ಒಣಗಿಸಲು ಹೋಗಬೇಡಿ. ಮೆಣಸು, ಅಡಿಕೆಗೆ ಸರಿ. ಗಿಟಾರಿನ ಅಂಟು ಬಿಸಿಗೆ ಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಅಷ್ಟೇ.

ಎರಡನೇ ಗಿಟಾರು ತಂದವರು ಒಬ್ಬ ಮೇಷ್ಟರು. ರಾಡಿನ ತೂತು ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ ಎಂದರು. ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಕುತ್ತಿಗೆಯ ಬುಡದ ಮರದ ದಿಮ್ಮಿಯಲ್ಲಿ ಅಲೆನ್ ಕೀಯಿಂದ ಕೆದಕಿದ ಐದಾರು ಗಾಯ. ತಲೆಯ ಮೇಲೂ ಮುಚ್ಚಳವಿಲ್ಲ. ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರು ಸ್ವಾಮಿ, ಅಗಲ ಕುತ್ತಿಗೆ, ಇವುಗಳಲ್ಲಿ ಬಹುತೇಕಕ್ಕೆ ರಾಡೇ ಇರುವುದಿಲ್ಲ. ನೈಲಾನಿನ ಎಳೆತ ಒಟ್ಟು 40 ಕೆಜಿಯ ಆಸುಪಾಸು, ಅಷ್ಟಕ್ಕೆ ಮರವೇ ಸಾಕು. ಮೇಷ್ಟರು ಶಬ್ದ ಜೋರಾಗಿ ಬರಲಿ ಎಂದು ಅದಕ್ಕೆ ಉಕ್ಕಿನ ತಂತಿ ಹಾಕಿಸಿದ್ದರು. ಬ್ರಿಡ್ಜಿನ ಹಿಂದೆ ಹಾಳೆ ತೂರಿಸಿದರೆ ಅರ್ಧದವರೆಗೂ ಒಳಗೆ ಹೋಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಬ್ರಿಡ್ಜು ಕಿತ್ತು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅಲ್ಲೇ ಕೂತು ಆರೂ ತಂತಿ ಇಳಿಸಿದೆ. ಅವರಿಗೆ ನಿಮ್ಮ ಬರಹದಿಂದ ತೊಂದರೆಯೇನೂ ಆಗಲಿಲ್ಲ, ಒಂದು ಲೆಕ್ಕದಲ್ಲಿ ಉಪಕಾರವೇ ಆಯಿತು ಎನ್ನಬೇಕು.

ನಮ್ಮ ಪಕ್ಕದ ಮನೆಯಲ್ಲಿ ತಂಬೂರಿ ಇದೆ. ಆ ಅಜ್ಜಿ ತಂತಿಯ ಕೆಳಗೆ ಜೀವಾಳದ ದಾರ ಸರಿಸಿ ಸರಿಸಿ, ಜುಂಯ್ ಎನ್ನುವ ನಾದ ಬರುವವರೆಗೆ ಬಿಡುವುದಿಲ್ಲ. ನಾನು ಗೋಡೆಯ ಈಚೆ ಕೂತು ಅಂಥದ್ದೇ ನಾದವನ್ನು ಗಿಟಾರಿನಿಂದ ಓಡಿಸುತ್ತಿರುತ್ತೇನೆ. ಒಂದು ದಿನ ಅವರು ಕೇಳಿದರು, ಅಷ್ಟು ಚೆನ್ನಾಗಿ ಬರುತ್ತಿತ್ತಲ್ಲ, ಯಾಕೆ ಕೆಡಿಸಿದೆ ಎಂದು.

ನನ್ನ ಕೋರಿಕೆ ಇಷ್ಟು. ತಪ್ಪು ಬಂದ ಪುರವಣಿಯಲ್ಲೇ, ಅದೇ ಗಾತ್ರದ ಚೌಕದಲ್ಲಿ, ತಂತಿ ಎದ್ದರೆ ಮೊದಲು ಬಾಗು ಅಳೆಯಿರಿ, ಸರಿಯಿದ್ದರೆ ರಾಡ್ ಮುಟ್ಟಬೇಡಿ, ಮುಟ್ಟಲೇಬೇಕಾದರೆ ಕಾಲು ಸುತ್ತು ಎಂದು ಹಾಕಿ. ಎರಡು ಸಾಲೇ ಸಾಕು. ಗಿಟಾರು ಮಾರುವ ಅಂಗಡಿಯವರು ಈ ಪತ್ರ ಓದಿದರೆ ಅವರಿಗೊಂದು ಮಾತು: ರಾಡ್ ಇರುವ ಗಿಟಾರಿನ ಜೊತೆ ಅದರದೇ ಅಳತೆಯ ಕೀ ಕೊಡಿ, ಚೀಲದ ಕಿಸೆಯಲ್ಲಿ ಕನ್ನಡದ ಒಂದು ಚೀಟಿ ಇಡಿ. ಪ್ಲೆಕ್ಟ್ರಮ್, ಸ್ಟಿಕ್ಕರ್ ಎಲ್ಲ ಬಿಟ್ಟಿ ಕೊಡುತ್ತೀರಿ, ಕೀ ಯಾಕೆ ಬಚ್ಚಿಡುತ್ತೀರೋ. ಚೀಟಿ ಬರೆದುಕೊಡಲು ನಾನು ತಯಾರು.

ಹುಡುಗನ ಗಿಟಾರು ನಿನ್ನೆ ಸಂಜೆ ಹೋಯಿತು. ಹನ್ನೆರಡನೇ ಫ್ರೆಟ್ ಮೇಲೆ ಎರಡೂವರೆ ಮಿಲಿಮೀಟರ್, ನಟ್ಟಿನ ಮೇಲೆ ಬಿಳಿ ಚುಕ್ಕೆ. ನಿಮ್ಮ ಪತ್ರಿಕೆಯ ತುಂಡನ್ನು ಅವನು ಇಲ್ಲೇ ಬಿಟ್ಟು ಹೋಗಿದ್ದಾನೆ. ಸ್ಯಾಡಲ್ ಉಜ್ಜಿದ ಮೂಳೆಪುಡಿ ಅದರ ಮೇಲೇ ಬಿದ್ದಿದೆ.

ಇಂತಿ ತಮ್ಮ ಓದುಗ,
ಒಬ್ಬ ನಿವೃತ್ತ ಬಸ್ ಮೆಕ್ಯಾನಿಕ್
ಸಕಲೇಶಪುರ